ಯಂತ್ರ ಯೋಚಿಸುವಷ್ಟು ಹೊತ್ತು

ಯಾರಾದರೂ ಯೋಚಿಸುತ್ತಾ ಕುಳಿತರೆ ಎದುರಿಗೆ ಸುಮ್ಮನೆ ಕಾಯುವುದು ನನ್ನಿಂದಾಗದ ಕೆಲಸ. ಸಾರು ಕುದಿಯಲು ಕಾಯಬಲ್ಲೆ. ಎಷ್ಟು ತಡವಾದರೂ ಅದು ಕುದಿದೇ ಕುದಿಯುತ್ತದೆ. ಯೋಚನೆಯ ವಿಷಯದಲ್ಲಿ ಅಂಥ ಭರವಸೆ ಇಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ರವಿಕೆ ಹೊಲಿಯುತ್ತಾ ಕುಳಿತವಳಿಗೆ ಇದಕ್ಕಿಂತ ಹೆಚ್ಚು ತಾಳ್ಮೆ ಎಲ್ಲಿಂದ ಬರಬೇಕು?

ನನಗಿರುವವನು ತಮ್ಮ ಸಂಜೀವ ಒಬ್ಬನೇ. ನೆಟ್ಟಣದ ಮರದ ಡಿಪೋದಲ್ಲಿ ಕಾಲು ಮುರಿದುಕೊಂಡು ಅವನು ಕಡಬದ ಮನೆಗೆ ಬಂದು ಮಲಗಿದಾಗ, ನೆರೆಮನೆಯ ಇಬ್ರಾಹಿಂ ಬ್ಯಾರಿಗಳು ದುಬೈಯಿಂದ ತಂದ ಚೆಸ್ ಆಡುವ ಯಂತ್ರವನ್ನು ಕೊಟ್ಟುಹೋದರು. ಅದರಲ್ಲಿ ಎಂಟು ಮಟ್ಟಗಳು. ಒಂದಕ್ಕಿಟ್ಟರೆ ತಕ್ಷಣ ನಡೆ. ಎಂಟಕ್ಕಿಟ್ಟರೆ ಒಂದು ಕಾಲಾಳು ಕದಲಲು ಒಂದು ಗಂಟೆಯಾದರೂ ಬೇಕು. ಯಂತ್ರ ಅದೇ, ಕೊಟ್ಟ ಹೊತ್ತು ಹೆಚ್ಚಿದಷ್ಟೂ ಆಟ ಗಟ್ಟಿ ಎಂದು ಸಂಜೀವ ವಿವರಿಸಿದ. ಎಂಟನ್ನು ಸೋಲಿಸಿದರೆ ಮಾತ್ರ ಸುಳ್ಯದ ಪಂದ್ಯಕ್ಕೆ ಹೆಸರು ಕೊಡುವುದೆಂದು ಅವನ ಹಟ.

ಮನೆಗೆಲ್ಲ ಒಂದೇ ಪ್ಲಗ್ಗು, ಅದೂ ಅಡುಗೆಕೋಣೆಯಲ್ಲಿ. ಅವನು ಚಾವಡಿಯ ಮಂಚದಿಂದ ನಡೆ ಕೂಗಿ ಹೇಳುವುದು, ನಾನು ಗುಂಡಿ ಒತ್ತಿ ಯಂತ್ರದ ಉತ್ತರ ತಿಳಿಸುವುದು. ಎಂಟರಲ್ಲಿ ಒಂದು ದಿನ ಕಾದೆ. ಮರುದಿನ ಸದ್ದಿಲ್ಲದೆ ಒಂದಕ್ಕೆ ತಿರುಗಿಸಿದೆ. ಉತ್ತರ ಆಗಲೇ ಬರುತ್ತಿತ್ತು; ನಾನು ತೊಂಡೆಕಾಯಿ ಹೆಚ್ಚಿ, ಎರಡು ರವಿಕೆಗೆ ಗುಂಡಿ ಹಾಕಿ, ಆಮೇಲೆ ಗಂಭೀರ ಮುಖ ಮಾಡಿಕೊಂಡು ಚಾವಡಿಗೆ ಹೋಗಿ ಹೇಳುತ್ತಿದ್ದೆ. ಅವನು ಗೆದ್ದ. ಮತ್ತೆ ಮತ್ತೆ ಗೆದ್ದ. ನಾನು ಪಾಯಸವನ್ನೂ ಮಾಡಿದೆ.

ಕಾಲು ಸರಿಯಾಗಿ ಸುಳ್ಯಕ್ಕೆ ಹೋದವನು ಒಂದಾಟವನ್ನೂ ಗೆಲ್ಲಲಿಲ್ಲ. ಮತ್ತೆ ಡಿಪೋ ಕೆಲಸಕ್ಕೆ ನೆಟ್ಟಣ ಸೇರಿದವನು ಭಾನುವಾರಗಳಲ್ಲಿ ಬರುವುದನ್ನೂ ಬಿಟ್ಟ. ತೊಂಡೆಕಾಯಿ ಪಲ್ಯ ಒಬ್ಬಳಿಗೆ ಎರಡು ದಿನ ಬರತೊಡಗಿತು.

ರೇಷನ್ ಕಾರ್ಡಿನ ಕೆಲಸಕ್ಕೆಂದು ಅವನು ಬಂದ ದಿನ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಬಗ್ಗಿ ಯಂತ್ರದ ಮಟ್ಟ ನೋಡಿದ.

"ಹಾಗಾದ್ರೆ ನಾನು ಸೋಲಿಸಿದ್ದು ಎಂತದನ್ನು?"

"ಒಂದನ್ನು."

"ಅಲ್ಲ ಮಾರಾಯ್ತಿ, ನಿನ್ನ ತೊಂಡೆಕಾಯಿಯನ್ನು," ಎಂದ. ನಗಲಿಲ್ಲ. "ಈಗ ಎಂಟಕ್ಕಿಡು, ನನ್ನ ಕಣ್ಣೆದುರೇ."

ನಾಲ್ಕು ನಡೆಯಾಗುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಯಂತ್ರ ಇನ್ನೂ ಯೋಚಿಸುತ್ತಿತ್ತು. ಅದರ ನಡೆಯನ್ನು ಕಂಡಕ್ಟರನ ಹತ್ತಿರ ಹೇಳಿ ಕಳಿಸು ಎಂದು ಹೊರಟ. ಬಸ್ಸು ತಿರುವು ದಾಟುವ ಮೊದಲೇ ಕರೆಂಟು ಹೋಯಿತು. ಬಂದಾಗ ಯಂತ್ರಕ್ಕೆ ನಮ್ಮ ಆಟದ ನೆನಪೇ ಇರಲಿಲ್ಲ; ಕಾಯಿಗಳು ಮಾತ್ರ ಬೋರ್ಡಿನ ಮೇಲೆ ಇದ್ದಲ್ಲೇ ಇದ್ದವು.

ತಮ್ಮನಿಗೆ ನಿಜ ಹೇಳಿದರೆ ಆಟ ಅಲ್ಲಿಗೆ ಮುಗಿಯುತ್ತದೆ. ಮತ್ತೆ ನೆಟ್ಟಣದಿಂದ ನನಗೆ ಯಾರು ಏನು ಹೇಳಿ ಕಳಿಸಬೇಕು? ಕತ್ತಲಾಗುವವರೆಗೆ ಬೋರ್ಡು ನೋಡಿ, ಕುದುರೆಯೊಂದನ್ನು ನಾನೇ ನಡೆಸಿದೆ. ಬೆಳಿಗ್ಗೆ ಅದನ್ನೇ ಯಂತ್ರದ ನಡೆಯೆಂದು ಕಂಡಕ್ಟರನಿಗೆ ಹೇಳಿದೆ. ಸಂಜೆ ತಮ್ಮನ ನಡೆ ಬಂತು. ಮಳೆಗಾಲ ಪೂರ್ತಿ ಹಾಗೆಯೇ ಸಾಗಿತು.

ಮೊನ್ನೆ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಲೇ ಹೇಳಿದ: "ಅಕ್ಕಾ, ಎಂಟರಲ್ಲಿಟ್ರೂ ಅದಕ್ಕೆ ಬುದ್ಧಿ ಬರುದಿಲ್ಲ ಅಂತೆ. ಅವಸರ ಇಲ್ಲ, ಇನ್ನೂ ಸ್ವಲ್ಪ ಹೊತ್ತು ಕೊಟ್ಟು ನೋಡ್ಬೇಕಂತೆ."

ಕೊಡುತ್ತಲೇ ಇದ್ದೇನೆ. ನಿನ್ನೆಯಿಂದ ಹೊಲಿಗೆ ಬದಿಗಿಟ್ಟು ಕುಳಿತಿದ್ದೇನೆ; ಮಂತ್ರಿಯನ್ನು ಉಳಿಸುವ ದಾರಿ ಮಾತ್ರ ಕಾಣುತ್ತಿಲ್ಲ.