ಪಕ್ಕದ ಮನೆಯ ದನಗಳೂ ಲಂಡನ್ನಿನ ವೀಸಾವೂ

ಇಲ್ಲದ್ದನ್ನು ಉಂಟೆಂದು ತೋರಿಸುವ ಚಟ ನನಗೆ ಹುಟ್ಟಿನಿಂದ ಬಂದದ್ದೋ ಮನೆಯವರು ಕಲಿಸಿದ್ದೋ ಎಂದು ಈ ವಯಸ್ಸಿನಲ್ಲಿ ಕೂತು ಯೋಚಿಸಿದರೆ, ತಪ್ಪನ್ನು ಅಪ್ಪನ ಮೇಲೆ ಹಾಕಬೇಕೆಂಬ ಆಸೆಯೇ ಹೆಚ್ಚಾಗುತ್ತದೆ. ನನ್ನ ಮದುವೆಯ ಮಾತುಕತೆಗೆ ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ದಿನ ನಮ್ಮ ದನದ ಹಟ್ಟಿ ಖಾಲಿಯಾಗಿತ್ತು. ಅಪ್ಪ ಪಕ್ಕದ ಮನೆಯಿಂದ ಹಾಲು ಕರೆಯುವ ಎರಡು ದನ ತಂದು ಕಟ್ಟಿದರು. ಬೆಂಚು, ಸ್ಟೀಲಿನ ಲೋಟ, ಹಿತ್ತಾಳೆಯ ಹರಿವಾಣ ಎಲ್ಲವೂ ಅಲ್ಲಿಂದಲೇ ಬಂದಿದ್ದವು. ಅದನ್ನು ಆಗ ಯಾರೂ ಮೋಸ ಎನ್ನುತ್ತಿರಲಿಲ್ಲ, ನೆರೆಕರೆಯ ಉಪಕಾರ ಎನ್ನುತ್ತಿದ್ದರು. ಆದರೆ ಬೆಂಚಿಗೂ ದನಕ್ಕೂ ಒಂದು ವ್ಯತ್ಯಾಸವಿದೆ. ಬೆಂಚು ಕೂತಲ್ಲೇ ಕೂತಿರುತ್ತದೆ. ಹುಡುಗಿಯ ಸೋದರಮಾವ ಎರಡನೆಯ ಬನ್ಸಿಗೆ ಕೈ ಹಾಕುವಾಗ ದನಗಳು ಹಗ್ಗ ಸಡಿಲಿಸಿಕೊಂಡು ಅಂಗಳ ದಾಟಿ, ನಮ್ಮ ಕಡೆ ತಿರುಗಿಯೂ ನೋಡದೆ ತಮ್ಮ ಮನೆಗೆ ಹೊರಟವು.

"ಮೇಯಲಿಕ್ಕೆ ಹೋಗುವುದು" ಎಂದರು ಅಪ್ಪ.

"ಕರೆಯುವ ಹೊತ್ತಿಗೆ ಮೇಯಲಿಕ್ಕೆ ಹೋಗುವ ದನ ಇವತ್ತೇ ನೋಡಿದ್ದು ಮಾರಾಯ್ರೆ" ಎಂದರು ಸೋದರಮಾವ.

ಆದರೂ ಹೆಣ್ಣು ಕೊಟ್ಟರು. ಹುಡುಗ ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದಾನೆ ಎಂಬುದೇ ದೊಡ್ಡ ಮಾತಾಗಿತ್ತು. ಹೋಟೆಲಿನಲ್ಲಿ ಇದ್ದದ್ದು ನಿಜ. ಹತ್ತನೆಯ ತರಗತಿ ಮುಗಿಸಿ ರೈಲು ಹತ್ತಿದವನು, ಮುದುಕನಾಗಿ ಊರಿಗೆ ಮರಳುವ ತನಕ ಅಲ್ಲೇ ಗಲ್ಲೆಯಲ್ಲಿ ಕೂತು ಬೇರೆಯವರ ಹಣ ಎಣಿಸಿದೆ. ನಮ್ಮ ಊರು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ. ಇಲ್ಲಿ ಮುಂಬಯಿ ಹೋಟೆಲ್ ಎಂದರೆ ಮಾಲೀಕ ಎಂದೇ ಅರ್ಥ. ಯಾರೋ "ಹೋಟೆಲಿನವರು" ಎಂದು ಕರೆದರು, ನಾನು ಅಲ್ಲ ಎನ್ನಲಿಲ್ಲ. ಕಾಗದದಲ್ಲಿ ನೋಡಿದರೆ ನನ್ನ ಹೆಸರಿನಲ್ಲಿ ಏನೂ ಇಲ್ಲ. ನಮ್ಮ ಕುಟುಂಬದ ಕ್ರಮದಂತೆ ಆಸ್ತಿ ಅಕ್ಕತಂಗಿಯರ ಪಾಲಿಗೆ ಹೋಯಿತು. ಈಗ ಇರುವ ಮನೆ ಹೆಂಡತಿ ಗಿರಿಜಾಳ ತಾಯಿಯಿಂದ ಅವಳಿಗೆ ಬಂದದ್ದು. ಅಂಗಳದ ತುಂಬ ಇರುವ ಮಲ್ಲಿಗೆ ಗಿಡಗಳು ಅವಳೇ ನೆಟ್ಟದ್ದು. ಹೂವಿನ ಹಣವೂ ವಾರಕ್ಕೊಮ್ಮೆ ಅವಳ ಬ್ಯಾಂಕು ಖಾತೆಗೇ ಬೀಳುತ್ತದೆ.

ಹೀಗಿರುವಾಗ ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನಮ್ಮ ಮಗಳು ಶ್ವೇತಾ ಬಸುರಿಯಾದಳು. ಅವಳ ಅತ್ತೆ ತೀರಿಹೋಗಿ ವರ್ಷಗಳಾಗಿವೆ. ಅಳಿಯನಿಗೆ ರಾತ್ರಿ ಪಾಳಿಯ ಕೆಲಸ. "ಅಮ್ಮ, ಇಲ್ಲಿ ಹೆತ್ತ ಮರುದಿನವೇ ಮನೆಗೆ ಕಳಿಸ್ತಾರೆ. ಮಗುವನ್ನು ಮೀಯಿಸಲಿಕ್ಕೆ ನನಗೆ ಗೊತ್ತಿಲ್ಲ. ನೀನು ಬರಲೇಬೇಕು" ಎಂದಳು. ಅಪ್ಪ ಬರಲೇಬೇಕು ಎಂದು ಯಾರೂ ಹೇಳಲಿಲ್ಲ. ಆದರೂ ಅವಳ ಜೊತೆ ನಾನೂ ಹೊರಟೆ. ಮೂಡುಬಿದಿರೆಯಲ್ಲಿ ಒಂದು ಮಂಕಿ ಟೊಪ್ಪಿಯನ್ನೂ ಕೊಂಡೆ.

ವೀಸಾದ ಅರ್ಜಿ ತುಂಬಿಸುವ ಅಂಗಡಿಯೂ ಅಲ್ಲೇ ಇತ್ತು. ಅಲ್ಲಿಯ ಹುಡುಗಿ ಕಂಪ್ಯೂಟರಿನ ಎದುರು ಕೂತು "ಖರ್ಚು ಯಾರು ಕೊಡುವುದು ಅಂಕಲ್?" ಎಂದಳು. "ನಾನೇ" ಎಂದೆ. "ನಿಮ್ಮ ಕೆಲಸ?" "ಹೋಟೆಲ್ ಉದ್ಯಮ" ಎಂದೆ. ಸುಳ್ಳಲ್ಲ. ಉದ್ಯಮ ಇತ್ತು, ನನ್ನದಲ್ಲ, ಅಷ್ಟೇ.

ಬ್ಯಾಂಕಿನ ಲೆಕ್ಕ ಕೊಡಬೇಕೆಂದಾಗ ಮಾತ್ರ ಕನ್ನಡಕ ತೆಗೆದು ಒರೆಸತೊಡಗಿದೆ. ಪಕ್ಕದಲ್ಲಿ ಕೂತಿದ್ದ ಗಿರಿಜಾ ಮೆಲ್ಲಗೆ "ನನ್ನ ಹೂವಿನ ಪಾಸ್‌ಬುಕ್ ಉಂಟಲ್ಲ, ಅದನ್ನು ಕೊಡುವ" ಎಂದಳು.

"ಲಂಡನ್ನಿನವರಿಗೆ ಮಲ್ಲಿಗೆಯ ಲೆಕ್ಕ ತೋರಿಸುವುದಾ? ನಗ್ತಾರೆ" ಎಂದು ಅವಳ ಬಾಯಿ ಮುಚ್ಚಿಸಿದೆ. ಲಂಡನ್ನಿನವರ ನಗುವಿಗೆ ನಾನು ಹೆದರಿದ್ದಲ್ಲ. ಹೆಂಡತಿಯ ಹೂವಿನ ದುಡ್ಡಿನಲ್ಲಿ ಹೋಟೆಲಿನವರು ವಿಮಾನ ಹತ್ತಿದರು ಎಂದು ಊರಿನಲ್ಲಿ ಹೇಳುತ್ತಾರಲ್ಲ, ಅದಕ್ಕೆ.

ಆಗ ನನಗೆ ಅಪ್ಪ ನೆನಪಾದರು. ವೀಸಾದವರೂ ಒಂದು ರೀತಿಯಲ್ಲಿ ಮನೆ ನೋಡಲು ಬರುವವರೇ ತಾನೇ? ಮುಂಡಾಜೆಯಲ್ಲಿ ರಬ್ಬರ್ ತೋಟ ಇರುವ ಗಿರಿಜಾಳ ತಮ್ಮ ಸದಾನಂದನಿಗೆ ಫೋನು ಮಾಡಿ, ನಾಲ್ಕು ದಿನದ ಮಟ್ಟಿಗೆ ನನ್ನ ಖಾತೆಗೆ ಹಣ ಹಾಕಲು ಕೇಳಿದೆ. "ಎಂತ ಭಾವ, ಹಟ್ಟಿಯಲ್ಲಿ ಕಟ್ಟಿ ಹಾಕಲಿಕ್ಕಾ?" ಎಂದು ನಗುತ್ತಲೇ ಹಣ ಹಾಕಿದ. ದುಬೈಯಲ್ಲಿರುವ ನನ್ನ ಅಕ್ಕನ ಮಗನೂ ಹಾಕಿದ. ಸೊಳ್ಳೆ ಕೂತರೂ ಭಾರವಾಗುವಂತಿದ್ದ ನನ್ನ ಖಾತೆ ಒಂದೇ ವಾರದಲ್ಲಿ ಹೊಟ್ಟೆ ಉಬ್ಬಿಸಿ ನಿಂತಿತು. ಅದರ ಫೋಟೋ ತೆಗೆದ ಹಾಗೆ ಲೆಕ್ಕದ ಪ್ರತಿ ತೆಗೆಸಿ, ಅರ್ಜಿಯ ಜೊತೆ ಕಳಿಸಿ, ಹಣವನ್ನು ಅವರವರಿಗೆ ಹಿಂದಿರುಗಿಸಿದೆ.

ಉತ್ತರ ಬಂತು. ಅಂಗಡಿಯ ಹುಡುಗಿ ಓದಿ ಹೇಳಿದಳು: ಈ ಖಾತೆಗೆ ಇಷ್ಟು ಹಣ ಇದ್ದಕ್ಕಿದ್ದಂತೆ ಬಂದದ್ದು ಎಲ್ಲಿಂದ, ಅದು ಅರ್ಜಿದಾರರದ್ದೇ ಎಂದು ನಂಬುವುದು ಹೇಗೆ ಎಂದು ತಿಳಿಯುವುದಿಲ್ಲ, ಆದ್ದರಿಂದ ಇಬ್ಬರಿಗೂ ವೀಸಾ ಇಲ್ಲ. ಮನೆಗೆ ಬಂದು ಗಿರಿಜಾಳಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ದನ ಪುನಃ ಮನೆಗೆ ಹೋದವಾ?" ಎಂದಳು.

ಅಷ್ಟೇ. ಬೈದಿದ್ದರೆ ಸುಲಭವಿತ್ತು. ಬಾಣಂತಿಗೆಂದು ಕಾಯಿಸಿದ್ದ ಲೇಹದ ಡಬ್ಬಿಯನ್ನು ಚೀಲದಿಂದ ತೆಗೆದು ಕಪಾಟಿನಲ್ಲಿಟ್ಟಳು. ಮಗುವನ್ನು ಸುತ್ತಲು ಮೆತ್ತಗಾಗಲೆಂದು ಒಗೆದು ಒಗೆದು ಇಟ್ಟಿದ್ದ ತನ್ನ ಹಳೆಯ ನೂಲಿನ ಸೀರೆಯ ತುಂಡುಗಳನ್ನೂ ತೆಗೆದಳು. ಅವನ್ನು ಮಡಚುವಾಗ ನನಗೆ ಬೆನ್ನು ಹಾಕಿ ಕೂತಿದ್ದಳು. ಶ್ವೇತಾ ಫೋನಿನಲ್ಲಿ "ಪರವಾಗಿಲ್ಲಪ್ಪ, ನಾನು ನರ್ಸ್ ಅಲ್ವಾ, ಹೇಗಾದರೂ ಮಾಡ್ತೇನೆ" ಎಂದಳು. ಆ "ಹೇಗಾದರೂ" ಎಂಬ ಮಾತು ಮುಗಿದದ್ದೇ ಫೋನು ಇಟ್ಟುಬಿಟ್ಟಳು. ನನ್ನ ಒಣ ಜಂಬಕ್ಕೆ ತಾಯಿ ಮಗಳು ಇಬ್ಬರೂ ದಂಡ ಕಟ್ಟುತ್ತಿದ್ದರು.

ಮರುದಿನ ನಾನೇ ಗಿರಿಜಾಳನ್ನು ಕರೆದುಕೊಂಡು ಅಂಗಡಿಗೆ ಹೋದೆ. "ಇನ್ನೊಮ್ಮೆ ಹಾಕುವ. ಈ ಸಲ ಇವಳು ಮಾತ್ರ" ಎಂದೆ. ಹುಡುಗಿ ಕುರ್ಚಿ ತಿರುಗಿಸಿ, "ಮೊದಲು ಇಲ್ಲ ಅಂದದ್ದನ್ನೂ ಬರೆಯಬೇಕು, ಆ ಹಣ ಯಾರದ್ದು ಅಂತಲೂ ಬರೆಯಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಂಕಲ್" ಎಂದಳು. ಹೇಳಿದೆ. ಗಂಡನ ಕೆಲಸ ಎಂಬಲ್ಲಿಗೆ ಬಂದಾಗ ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ, "ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದೆ. ಮಾಲೀಕ ಅಲ್ಲ" ಎಂದೆ. ಹೆಂಡತಿಯ ಎದುರು ಈ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಗಿರಿಜಾ ಸೆರಗಿನಿಂದ ಬೆವರು ಒರೆಸಿಕೊಂಡಳು. "ಅದು ನನಗೆ ಮದುವೆಯಾದ ತಿಂಗಳೇ ಗೊತ್ತಿತ್ತು. ಮಾಲೀಕರು ರಜೆ ಮುಗಿಯಿತು ಅಂತ ಹೆಂಡತಿಯನ್ನು ಬಿಟ್ಟು ಓಡ್ತಾರಾ?"

ಅವಳ ಪಾಸ್‌ಬುಕ್ ಹೊರಗೆ ಬಂತು. ಮದುವೆಯ ಕಾಲದಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ, ಆದರೆ ವಾರ ತಪ್ಪದೆ, ವರ್ಷಗಟ್ಟಲೆ. ಯಾರ ಮನೆಯಿಂದಲೂ ಅಟ್ಟಿಕೊಂಡು ಬಂದದ್ದಲ್ಲ, ಯಾರ ಮನೆಗೂ ಹಿಂದೆ ಹೋಗುವುದಲ್ಲ. ಅಳಿಯನ ಸಂಬಳದ ಕಾಗದವನ್ನೂ ಅದರ ಜೊತೆ ಸೇರಿಸಿದೆವು.

"ಇನ್ನೊಂದು ಉಂಟು ಆಂಟಿ. ನೀವು ಅಲ್ಲೇ ಉಳಿಯದೆ ವಾಪಸು ಬರ್ತೀರಿ ಅಂತ ಅವರಿಗೆ ಗೊತ್ತಾಗಬೇಕು. ಊರಿನಲ್ಲಿ ನಿಮಗೆ ಏನೆಲ್ಲ ಉಂಟು?"

"ಮಲ್ಲಿಗೆ ಗಿಡ ಉಂಟು. ಗಂಡ ಇದ್ದಾರೆ."

ಹುಡುಗಿ ನನ್ನನ್ನು ನೋಡಿದಳು. ಪಾಪ ಅನಿಸಿರಬೇಕು. "ಅಂಕಲನ್ನು ಮೊದಲು ಬರೆಯುವುದಾ ಆಂಟಿ?"

"ಬೇಡ ಮಗ" ಎಂದಳು ಗಿರಿಜಾ, "ಅವರಿಗೆ ನಂಬಿಕೆ ಬರಬೇಕಲ್ಲ."

ನಂಬಿಕೆ ಬಂತು. ವೀಸಾ ಬಂತು. ಲೇಹದ ಡಬ್ಬಿಯೂ ಸೀರೆಯ ತುಂಡುಗಳೂ ಮತ್ತೆ ಚೀಲ ಸೇರಿದವು. ಗಿರಿಜಾ ತಲುಪಿದ ಮೇಲೆಯೇ ಮೊಮ್ಮಗಳು ಹುಟ್ಟಿದ್ದು. ಅಜ್ಜಿಗಾಗಿ ಕಾದು ಕೂತಿದ್ದಳು ಎನ್ನುತ್ತಾಳೆ ಶ್ವೇತಾ.

ಈಗ ಬೆಳಕು ಹರಿಯುವ ಮೊದಲೇ, ಲಂಡನ್ನಿಗೆಂದು ಕೊಂಡ ಮಂಕಿ ಟೊಪ್ಪಿ ಹಾಕಿಕೊಂಡು ಅಂಗಳದಲ್ಲಿ ಮೊಗ್ಗು ಕೊಯ್ಯುತ್ತೇನೆ. ಕೊಯ್ಯುವುದು ಕಲಿತೆ, ಬಾಳೆನಾರಿನಲ್ಲಿ ಕಟ್ಟುವುದು ಇನ್ನೂ ಸರಿಯಾಗಿ ಬರುವುದಿಲ್ಲ. ಹೂವು ಒಯ್ಯಲು ಬರುವವನು ನನ್ನ ಮಾಲೆಯನ್ನು ಎತ್ತಿ ಹಿಡಿದು, ಉದುರಿದ ಮೊಗ್ಗುಗಳನ್ನು ನೋಡಿ, "ಅಮ್ಮ ಯಾವಾಗ ಬರ್ತಾರೆ?" ಎಂದು ದಿನವೂ ಕೇಳುತ್ತಾನೆ. ಹಣವಂತೂ ಅವಳ ಖಾತೆಗೇ ಬೀಳುತ್ತದೆ.

ಇಷ್ಟೆಲ್ಲ ಆದ ಮೇಲಾದರೂ ಬುದ್ಧಿ ಬಂತೇ ಎಂದು ನೀವು ಕೇಳಬಹುದು. ಮೊನ್ನೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರೊಬ್ಬರು, "ತಮಗೆ ಏನು ಕೆಲಸ?" ಎಂದು ವಿಚಾರಿಸಿದರು. ನಾನು ಬೆನ್ನು ನೇರ ಮಾಡಿಕೊಂಡು, "ಹೂವಿನ ಉದ್ಯಮ" ಎಂದುಬಿಟ್ಟೆ.

ಸುಳ್ಳಲ್ಲ. ಉದ್ಯಮ ಉಂಟು. ನನ್ನದಲ್ಲ, ಅಷ್ಟೇ.