ಇಪ್ಪತ್ತೇಳು ಇಂಚಿನ ಆಸೆ

ಆಸೆಪಟ್ಟವನು ಅಳುತ್ತಾನೆ ಎಂದು ಹಿರಿಯರು ಹೇಳುತ್ತಾರೆ. ಅವನು ಅಳುವುದಕ್ಕಿಂತ ಮುಂಚೆ ಊರವರು ಒಂದಿಷ್ಟು ನಕ್ಕಿರುತ್ತಾರೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸು, ಹಳೆಯ ಫೋಟೋಗಳ ರಿಪೇರಿ ನನ್ನ ಕೆಲಸ. ಹತ್ತು ವರ್ಷ ದುಡಿದು ಮುದಿಯಾದ ಒಂದು ಮಾನಿಟರಿನ ಮುಂದೆ ಕೂತು, ಅಂಗಡಿಯಲ್ಲಿ ಕಂಡ ಇನ್ನೊಂದು ಮಾನಿಟರಿಗಾಗಿ ನಾನು ಎರಡು ವರ್ಷ ಹಂಬಲಿಸಿದೆ. ಆ ಎರಡು ವರ್ಷಗಳಲ್ಲಿ ನಡೆದ ಕೆಲವು ಪ್ರಸಂಗಗಳು ಇವು.

೧. ನೆಲ್ಲಿನ ಮೇಲಿನ ಹನಿ

ಪ್ರಿಂಟರಿನ ಇಂಕು ತೀರಿತ್ತು. ತರಲು ಊರಿನ ದೊಡ್ಡ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿ ಮೇಜಿನ ಮೇಲೆ ಎರಡು ಮಾನಿಟರು ಪಕ್ಕಪಕ್ಕದಲ್ಲಿ ಇಟ್ಟಿದ್ದರು. ಒಂದು ಸಾದಾ, ಇನ್ನೊಂದು ಕೂದಲೆಳೆಯಷ್ಟು ವಿವರವನ್ನೂ ತೋರಿಸುವ ಇಪ್ಪತ್ತೇಳು ಇಂಚಿನ ಫೋರ್‌ಕೆ. ಎರಡರಲ್ಲೂ ಒಂದೇ ಚಿತ್ರ: ಬೆಳಗಿನ ಇಬ್ಬನಿಯಲ್ಲಿ ನೆಂದ ನೆಲ್ಲಿನ ತೆನೆ.

ನಾನು ಹುಟ್ಟಿದ್ದು ತುರ್ವಿಹಾಳದಲ್ಲಿ. ಕಾಲುವೆ ನೀರಿನಲ್ಲಿ ಕಾಲಿಟ್ಟುಕೊಂಡು, ನೆಲ್ಲಿನ ಬದುವಿನ ಮೇಲೆ ಓಡಾಡಿ ಬೆಳೆದವನು. ಆದರೆ ನೆಲ್ಲಿನ ಕಾಳಿನ ಮೇಲೆ ಅಷ್ಟು ಸಣ್ಣ ರೋಮಗಳಿರುತ್ತವೆ ಎಂದು ಗೊತ್ತಾಗಿದ್ದು ಆವತ್ತೇ. ಇಬ್ಬನಿಯ ಹನಿಯೊಳಗೆ ತಲೆಕೆಳಗಾದ ಇನ್ನೊಂದು ಹೊಲ ಕಾಣುತ್ತಿತ್ತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ನನಗೇ ಗೊತ್ತಿಲ್ಲದೆ ಕೈ ಮುಂದೆ ಹೋಯಿತು.

“ಅಣ್ಣಾರ, ಮುಟ್ಟಬ್ಯಾಡ್ರಿ, ಬೆರಳಿನ ಗುರ್ತು ಬೀಳ್ತಾವ,” ಎಂದ ಅಂಗಡಿಯವನು.

ಕಿಮ್ಮತ್ತು ಕೇಳಿದೆ. ಸಾದಾ ಮಾನಿಟರಿನ ಮೂರು ಪಟ್ಟು ಹೇಳಿದ. ಮುಂದಿಟ್ಟಿದ್ದ ಕೈಯನ್ನು ಜೇಬಿಗೆ ಹಾಕಿಕೊಂಡು, ಸುಮ್ಮನೆ ಹೊರಡಲು ಮನಸ್ಸಾಗದೆ ಕೇಳಿದೆ: “ಇದರ ಅರ್ಧದಷ್ಟು ಚಂದ ಕಾಣೋದು, ಅರ್ಧ ರೇಟಿಗೆ ಯಾವುದಾರ ಐತೇನ್ರಿ?”

ಅವನು ಬಿಲ್ಲು ಬರೆಯುತ್ತಲೇ ಹೇಳಿದ: “ಐತಲ್ರಿ. ಹತ್ತು ವರ್ಷದ ಹಿಂದ ನಮ್ಮ ಅಂಗಡ್ಯಾಗಿಂದೇ ಒಯ್ದು, ಅದರ ಮುಂದೇ ಕುಂತೀರಿ.”

೨. ಹತ್ತಕ್ಕೆ ನಾಲ್ಕು

ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ಮನೆಯಲ್ಲಿ ತಿಂಗಳಿಗೆ ಸರಿಯಾಗಿ ಬರುವ ಪಗಾರ ಅವಳದೊಂದೇ. ಹಾಗಾಗಿ ಯಾವ ದೊಡ್ಡ ಖರೀದಿಯಾದರೂ ಅವಳ ಒಪ್ಪಿಗೆಯ ಬಾಗಿಲು ದಾಟಿಯೇ ಬರಬೇಕು. ಆ ಬಾಗಿಲಲ್ಲಿ ಹೊಸ ಬೈಕೊಂದು ಮೊದಲೇ ಸರದಿ ಹಿಡಿದು ನಿಂತಿತ್ತು.

ಒಂದು ಭಾನುವಾರ ಅವಳನ್ನು ನನ್ನ ಅಂಗಡಿಗೆ ಕರೆದುಕೊಂಡು ಹೋಗಿ, ಎದುರಿಗೆ ಕೂಡಿಸಿ, ಇಂಟರ್‌ನೆಟ್ಟಿನಲ್ಲಿ ಆ ಮಾನಿಟರಿನ ಜಾಹೀರಾತು ಹಚ್ಚಿ ತೋರಿಸಿದೆ. ಪರದೆಯ ಎಡಕ್ಕೆ ಸಾದಾ ಚಿತ್ರ, ಬಲಕ್ಕೆ ಫೋರ್‌ಕೆ ಚಿತ್ರ.

“ಫರಕ್ ನೋಡು,” ಎಂದೆ, ನಾನೇ ಅದನ್ನು ಕಂಡುಹಿಡಿದವನ ಹಾಗೆ.

ಅವಳು ಮುಂದೆ ಬಗ್ಗಿ ನೋಡಿದಳು. ಹಿಂದೆ ಸರಿದು ನೋಡಿದಳು. “ಎರಡೂ ಒಂದೇ ಅದಾವಲ್ರಿ?”

ಆಮೇಲೆ ಹೊಳೆಯಿತು. ನನ್ನ ಹಳೆಯ ಮಾನಿಟರಿನಲ್ಲಿ ಫೋರ್‌ಕೆ ಕೂಡ ಹಳೆಯ ಮಾನಿಟರಿನಷ್ಟೇ ಕಾಣುತ್ತದೆ! ಬಾಯಿಂದ ಆಗದ್ದನ್ನು ಬರೆದಾದರೂ ಸಾಧಿಸೋಣ ಎಂದು, ‘ಹೊಸ ಮಾನಿಟರ್ ಏಕೆ ಬೇಕು’ ಎಂದು ಒಂದು ಹಾಳೆಯಲ್ಲಿ ಹತ್ತು ಕಾರಣ ಬರೆದು, ಅವಳು ತಿದ್ದಬೇಕಾಗಿದ್ದ ಪರೀಕ್ಷೆಯ ಪೇಪರುಗಳ ಮೇಲೆ ಇಟ್ಟೆ. ನಾನು ನೋಡದಿದ್ದಾಗ ಓದಲಿ, ಮನಸ್ಸು ಕರಗಲಿ ಎಂಬ ಆಸೆ.

ಮರುದಿನ ಹಾಳೆ ವಾಪಸ್ಸು ಬಂತು. ಮೂರನೇ ಕಾರಣ ಮತ್ತು ಏಳನೇ ಕಾರಣ ಒಂದೇ ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಳು. ‘ಕಣ್ಣಿಗೆ ತಂಪು’ ಎಂಬ ಕಾರಣದ ಪಕ್ಕದಲ್ಲಿ ‘ಆಧಾರ ಕೊಡಿ’ ಎಂದು ಬರೆದಿದ್ದಳು. ಕೊನೆಯಲ್ಲಿ ಹತ್ತಕ್ಕೆ ನಾಲ್ಕು ಅಂಕ. ಅದರ ಕೆಳಗೆ, ಅಭ್ಯಾಸಬಲದಿಂದಲೋ ಬೇಕೆಂತಲೋ ಇವತ್ತಿಗೂ ನನಗೆ ಗೊತ್ತಿಲ್ಲ: ‘ಅಕ್ಷರ ದುಂಡಾಗಿದೆ. ಪಾಲಕರ ಸಹಿ ಮಾಡಿಸಿಕೊಂಡು ಬರುವುದು.’

೩. ದನಕ್ಕೆ ತಕ್ಕ ಮಾಲು

ನಾಲ್ಕು ಅಂಕಕ್ಕೆ ಮರ್ಯಾದೆ ಕೊಟ್ಟು ಒಂದಷ್ಟು ದಿನ ಸುಮ್ಮನಿದ್ದೆ. ಆಗ ಮಸ್ಕಿಯಲ್ಲಿ ಹೊಸದಾಗಿ ಕಿರಾಣಿ ಅಂಗಡಿ ತೆರೆಯುವವರೊಬ್ಬರು ಫ್ಲೆಕ್ಸು ಮಾಡಿಸಲು ಬಂದರು. ಹೆಸರಿನ ಕೆಳಗೆ ದೊಡ್ಡದಾಗಿ ‘ನಿಮ್ಮ ಧನಕ್ಕೆ ತಕ್ಕ ಮಾಲು’ ಎಂದು ಹಾಕಬೇಕು ಎಂದರು. ಆ ಮಾತು ಅವರೇ ಕಟ್ಟಿದ್ದು. ಎರಡು ಸಲ ನನಗೆ ಹೇಳಿ ತೋರಿಸಿದರು.

ಧ ಅಕ್ಷರಕ್ಕೂ ದ ಅಕ್ಷರಕ್ಕೂ ಇರುವುದು ಕೆಳಗಿನ ಒಂದು ಸಣ್ಣ ಸೀಳಿನ ವ್ಯತ್ಯಾಸ. ನನ್ನ ಬೆರಳು ಅಂದು ಧ ಮೂಡಿಸುವ ಶಿಫ್ಟ್ ಒತ್ತುವುದನ್ನು ಮರೆತಿತ್ತು. ಇಡೀ ಫ್ಲೆಕ್ಸು ಒಟ್ಟಿಗೆ ಕಾಣುವಂತೆ ಚಿಕ್ಕದು ಮಾಡಿದರೆ, ನನ್ನ ಮಾನಿಟರಿನಲ್ಲಿ ಆ ಸೀಳು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅವರೂ ನೋಡಿ “ಬರೋಬರಿ ಐತಿ” ಎಂದರು. ಫ್ಲೆಕ್ಸು ಹೋಯಿತು, ಅಂಗಡಿಯ ನೆತ್ತಿ ಏರಿತು.

ಪ್ರಾರಂಭದ ದಿನವೇ ಫೋನು ಬಂತು. “ಏನ್ ಮಾಡೀರಿ ಮಾರಾಯರ? ಮುಂಜಾನಿಂದ ಏಳು ಮಂದಿ ಬಂದಾರ. ಒಬ್ರಾರ ಸಕ್ರಿ ಕೇಳಿಲ್ಲ, ಎಣ್ಣಿ ಕೇಳಿಲ್ಲ. ಬಂದವ್ರೆಲ್ಲ ಎಮ್ಮಿಗೆ ಹಿಂಡಿ ಕೊಡ್ರಿ, ಎತ್ತಿಗೆ ಬೂಸಾ ಕೊಡ್ರಿ ಅಂತಾರ. ‘ದನಕ್ಕೆ ತಕ್ಕ ಮಾಲು’ ಅಂತ ನೀವೇ ಬರಸೀರಲ್ಲ ಅಂತ ನನಗೇ ಬೈತಾರ!”

ಫೋನು ಹಿಡಿದುಕೊಂಡೇ ಬೈಸಿಕೊಂಡೆ. ಆದರೆ ಒಳಗೊಳಗೇ ಇನ್ನೊಂದು ಆಸೆ ಚಿಗುರಿತು. ಇದಕ್ಕಿಂತ ಒಳ್ಳೆಯ ಹನ್ನೊಂದನೇ ಕಾರಣ ಎಲ್ಲಿ ಸಿಗಬೇಕು? ತಪ್ಪು ನನ್ನದೇ, ಬೇರೆ ಫ್ಲೆಕ್ಸು ಬಿಟ್ಟಿ ಮಾಡಿಕೊಡುತ್ತೇನೆ ಎಂದೆ. ವಾರದ ಮೇಲೆ ತಿದ್ದಿದ ಫ್ಲೆಕ್ಸು ತೆಗೆದುಕೊಂಡು ನಾನೇ ಮಸ್ಕಿಗೆ ಹೋದೆ. ಅಂಗಡಿಯವರು ಚಹಾ ತರಿಸಿದರು. ನಾನು ಏಣಿ ಕೇಳಿದೆ.

“ಏಣಿ ಯಾಕ್ರಿ? ಕುಂಡ್ರಿ,” ಎಂದರು. “ಅದನ್ನ ಇಳಸಬ್ಯಾಡ್ರಿ.”

“ಮತ್ತ ಹಿಂಡಿ ಕೇಳಿ ಬರೋ ಮಂದಿಗೆ ಏನ್ ಹೇಳ್ತೀರಿ?”

ಅವರು ಹಿಂದಕ್ಕೆ ತಿರುಗಿ ತೋರಿಸಿದರು. ಗೋಡೆಗೆ ಎದೆಯೆತ್ತರ ಹಿಂಡಿಯ ಚೀಲಗಳು. “ಸಕ್ರಿ ಮಾರೋರು ಈ ರಸ್ತಾದಾಗ ಆರು ಮಂದಿ ಅದಾರ. ದನದ ಮಾಲು ನಂದೊಂದೇ!”

೪. ಗೆಳೆಯನ ಭಾಗ್ಯ

ಹನ್ನೊಂದನೇ ಕಾರಣ ಹೀಗೆ ಹಿಂಡಿ ತಿಂದು ಮಲಗಿತು. ಅಷ್ಟರಲ್ಲಿ ಲಿಂಗಸುಗೂರಿನಿಂದ ಹಳೆಯ ಗೆಳೆಯನೊಬ್ಬ ಫೋನು ಮಾಡಿದ. ಕಾಲೇಜಿನಲ್ಲಿ ಒಂದೇ ಬೆಂಚಿನವರು ನಾವು. ಅವನೀಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮಾತಿನ ನಡುವೆ, ಎಂಟು ತಿಂಗಳ ಹಿಂದೆ ಮನೆಗೊಂದು ಫೋರ್‌ಕೆ ಮಾನಿಟರು ತಂದಿದ್ದಾಗಿ ಹೇಳಿದ. ಯಾವುದೆಂದು ಕೇಳಿದೆ. ಅದೇ! ನನ್ನದೇ! ಅವನಿಗೆ ಅದರ ಅಗತ್ಯವೇ ಇರಲಿಲ್ಲ. ಕೊಂಡರೆ ಒಳ್ಳೆಯದನ್ನೇ ಕೊಳ್ಳಬೇಕೆಂದು ಕೊಂಡಿದ್ದ. ಪ್ರೀತಿಸಿದ ಹುಡುಗಿ ಗೆಳೆಯನ ಮನೆ ಸೇರಿದ್ದಾಳೆಂದು ತಿಳಿದವನಂತೆ ಬೈಕು ಹತ್ತಿದೆ. ಕೊಳ್ಳುವ ಯೋಗವಿಲ್ಲ, ಒಂದು ತಾಸು ಕಣ್ತುಂಬ ನೋಡಿಯಾದರೂ ಬರೋಣ ಎಂದು.

ಮಾನಿಟರಿನ ಮೇಲೆ ಅವನ ತಾಯಿ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಗೆಳೆಯ ಅದನ್ನು ಮದುಮಗಳ ಮುಸುಕಿನ ಹಾಗೆ ಮೆಲ್ಲಗೆ ಸರಿಸಿದ. ಚಿತ್ರ ಹಚ್ಚಿದ. ನೋಡಿದೆ. ಎಲ್ಲ ಮಂಜುಮಂಜು. ನದಿಯೊಂದು ಹರಿಯುತ್ತಿತ್ತು, ಅದರ ಮೇಲೆ ದೊಡ್ಡ ದೊಡ್ಡ ಗುಳ್ಳೆಗಳು. ನೀರು ಮುಂದೆ ಹೋಗುತ್ತಿತ್ತು, ಗುಳ್ಳೆಗಳು ನಿಂತಲ್ಲೇ ನಿಂತಿದ್ದವು. ಹತ್ತಿರ ಹೋಗಿ ನೋಡಿದರೆ, ಕಂಪನಿಯವರು ಹಚ್ಚಿದ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು!

“ಲೇ, ಇದನ್ನ ಯಾಕ ತಗದಿಲ್ಲೋ?”

“ತಗದ್ರ ಗೀರು ಬೀಳ್ತಾವ. ಇಷ್ಟು ರೊಕ್ಕ ಹಾಕಿ ತಂದೀನಿ.”

ನನ್ನ ಬೆರಳುಗಳು ತುರಿಸಿದವು. ಹಾಳೆಯ ಮೂಲೆಯೊಂದು ಸ್ವಲ್ಪ ಎದ್ದಿತ್ತು. ಅವನು ನನ್ನ ಕೈಯನ್ನೇ ನೋಡುತ್ತ ಪಕ್ಕದಲ್ಲಿ ನಿಂತಿದ್ದ. ಬೈಕಿನಲ್ಲಿ ಅಷ್ಟು ದೂರ ಬಂದು ಒಂದು ತಾಸು ಗುಳ್ಳೆ ನೋಡಿದೆ.

ಹೊರಟಾಗ ಅವನು ಹೆಮ್ಮೆಯಿಂದ ಕೇಳಿದ: “ಹೆಂಗ ಕಾಣ್ತೈತಿ ಹೇಳು, ಖರೇ?”

“ಭಾಳ ಸಾಫ್ ಕಾಣ್ತೈತಿ,” ಎಂದೆ. “ಜಲ್ಮದಾಗ ಪ್ಲಾಸ್ಟಿಕ್ಕು ಇಷ್ಟು ಸಾಫ್ ನೋಡಿದ್ದಿಲ್ಲ.”

೫. ಹುಬ್ಬಿನ ಮೇಲಿನ ಗುರುತು

ಊರ ಹತ್ತಿರದ ಆರ್.ಎಚ್. ಕ್ಯಾಂಪಿನಿಂದ ಒಬ್ಬ ಮುದುಕಿ ಅಂಗಡಿಗೆ ಬಂದಳು. ಬಂಗಾಳದ ಕಡೆಯಿಂದ ನಿರಾಶ್ರಿತರಾಗಿ ಬಂದು ಆ ಪುನರ್ವಸತಿ ಕ್ಯಾಂಪಿನಲ್ಲಿ ನೆಲೆಸಿದ ಕುಟುಂಬದವಳು. ಇಲ್ಲಿಗೆ ಬಂದಾಗ ಎಳೆ ಸೊಸೆಯಂತೆ, ಈಗ ಕೂದಲೆಲ್ಲ ಬೆಳ್ಳಗೆ. ಕನ್ನಡ ನಮ್ಮದೇ, ರಾಗ ಮಾತ್ರ ಅವರದು. ನನ್ನನ್ನು ಅವರ ರೂಢಿಯಂತೆ, ಮಗನೇ ಎನ್ನುವ ಹಾಗೆ, ‘ಬಾಬಾ’ ಎಂದೇ ಕರೆದಳು. ಸೆರಗಿನ ಗಂಟು ಬಿಚ್ಚಿ ಅಂಗೈಯಗಲದ ಒಂದು ಕಪ್ಪು-ಬಿಳುಪು ಫೋಟೋ ಕೊಟ್ಟಳು. ಮಳೆಗೆ ಟ್ರಂಕು ನೆಂದು ಫೋಟೋದ ತುಂಬ ಕಲೆ.

“ನನ್ನ ಗಂಡ, ಬಾಬಾ. ತೀರಿಕೊಂಡು ಭಾಳ ವರ್ಷ ಆತು. ಇದೊಂದೇ ಫೋಟೋ ಇರೋದು. ಮನಿಗೆ ಹೊಸಾ ಬಣ್ಣ ಹಚ್ಚೀವಿ, ಗೋಡಿ ಮ್ಯಾಲ ಅವ ಬೇಕು. ದೊಡ್ಡದು ಮಾಡು.”

ಮೂರು ದಿನ ಕೂತು ಕಲೆ ಅಳಿಸಿದೆ. ನನ್ನ ಮಾನಿಟರಿನಲ್ಲಿ ಇಡೀ ಮುಖ ನೋಡಿದರೆ ವಿವರ ಕಾಣದು. ದೊಡ್ಡದು ಮಾಡಿದರೆ ವಿವರವೆಲ್ಲ ಕಲಸಿ ಮುಖವೇ ಕಾಣದು. ಕಪ್ಪಿದ್ದಲ್ಲೆಲ್ಲ ಒಂದೇ ಕಪ್ಪು. ಅಂತೂ ಮುಗಿಸಿ, ಪ್ರಿಂಟು ತೆಗೆದು, ಚೌಕಟ್ಟು ಹಾಕಿಸಿ ಇಟ್ಟೆ.

ಅವಳು ಬಂದು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

“ಚಂದ ಅದಾನ,” ಎಂದಳು. “ಆದ್ರ ಇವ ಯಾರು, ಬಾಬಾ?”

ಅವಳು ತನ್ನ ಎಡಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದಳು. “ಇಲ್ಲಿ ಗಾಯದ ಗುರ್ತು ಇತ್ತು. ಸಣ್ಣವನಿದ್ದಾಗ ದೋಣಿ ಬಡಿದದ್ದು. ಊರು ಬಿಟ್ಟು ಬರುವಾಗ ರೈಲು ಸ್ಟೇಷನ್ನಿನಾಗ ಆ ಗದ್ದಲದಾಗ ಅದೊಂದು ಗುರ್ತು ನೋಡೇ ಅವನ್ನ ಹುಡುಕಿದ್ದೆ. ಈಗ ಹೆಂಗ ಹುಡುಕ್ಲಿ?”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಲೆ ಎಂದು ನಾನು ಅಳಿಸಿದ್ದು ಅವಳ ಗಂಡನನ್ನೇ. ಮನೆಗೆ ಹೋಗಿ ಇದನ್ನು ಹೇಳಿದಾಗ ಹೆಂಡತಿ ನಗಲಿಲ್ಲ. ತಿದ್ದುತ್ತಿದ್ದ ಪೇಪರು ಬದಿಗಿಟ್ಟು ಅಂದಳು: “ಹುಡುಗರು ಬರೆದಿದ್ದು ನೆಟ್ಟಗ ಕಾಣಲಾರದ, ಸರಿ ಇದ್ದದ್ದಕ್ಕ ತಪ್ಪು ಹಾಕಿದ್ರ ನನಗ ಊಟ ಸೇರಂಗಿಲ್ಲ. ನೀವು ಒಂದು ಮುಖಕ್ಕೇ ತಪ್ಪು ಹಾಕೀರಿ. ಹೊಸಾ ಬೈಕಿನ ಮಾತು ಮುಂದ ನೋಡೋಣು. ಹೋಗ್ರಿ, ಆ ಮಾನಿಟರು ತಂದುಬಿಡ್ರಿ.”

ತಂದೆ. ಎರಡು ವರ್ಷ ಕನಸಿನಲ್ಲಿ ಅದರಲ್ಲಿ ಏನೇನೋ ನೋಡಿದ್ದೆ. ನಿಜವಾಗಿ ಬಂದಾಗ ಮೊದಲು ತೆರೆದದ್ದು ಮುದುಕಿಯ ಗಂಡನನ್ನು. ಕಲೆ ಬೇರೆ, ಗಾಯ ಬೇರೆ ಎಂದು ಈಗ ಕುರುಡನಿಗೂ ಕಾಣುವಂತಿತ್ತು. ಕಲೆ ಕಾಗದದ ಮೇಲೆ ಕೂತಿತ್ತು, ಗಾಯ ಚರ್ಮದ ಜೊತೆ ಬಾಗಿತ್ತು. ಗಾಯ ಉಳಿಸಿ ಎಲ್ಲ ಹೊಸದಾಗಿ ಮಾಡಿದೆ. ಪ್ರಿಂಟಿಗೆ ಮುಂಚೆ ಒಮ್ಮೆ ನೋಡಿ ಹೋಗಲೆಂದು ಅವಳಿಗೆ ಹೇಳಿಕಳಿಸಿದೆ.

ಅವಳು ಪರದೆಯ ಮುಂದೆ ಕೂತಳು. ನಾನು ಫೋಟೋ ತೆರೆದೆ. ಅಂಗೈಯಗಲದಲ್ಲಿದ್ದವನು ಆಳಿನ ಮುಖದಷ್ಟೇ ದೊಡ್ಡದಾಗಿ ಎದುರು ಬಂದ. ಮುದುಕಿ ತಟ್ಟನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ನನ್ನೇ ನೋಡಾಕತ್ತಾನ,” ಎಂದು ನನಗೆ ಕೇಳುವಷ್ಟೇ ಹೇಳಿದಳು.

ಆಮೇಲೆ ಧೈರ್ಯ ಬಂತು. “ಈ ಅಂಗಿ ನಾನೇ ಕೈಲೆ ಹೊಲಿದದ್ದು. ಕಿಸೆದ ಹೊಲಿಗಿ ತೋರ್ಸು, ಬಾಬಾ.” ಕಿಸೆಯನ್ನು ದೊಡ್ಡದು ಮಾಡಿದೆ. ಕಪ್ಪು ಅಂಗಿಯ ಮೇಲೆ ಒಂದೊಂದು ಹೊಲಿಗೆಯೂ ಎಣಿಸುವಂತೆ ಕಂಡಿತು. ಅವಳ ಮುಖ ಅರಳಿತು. ಹೊಲಿಗೆಯ ಮೇಲೆ ಬೆರಳಾಡಿಸುತ್ತ ಮೇಲಕ್ಕೆ ಬಂದವಳು ಕಿಸೆಯ ಬಾಯಿಯ ಹತ್ತಿರ ನಿಂತಳು.

“ಅದೇನದು?”

ನೋಡಿದೆ. ದಾರ ಸುತ್ತಿದ ಒಂದು ಕಟ್ಟು ಕಿಸೆಯಿಂದ ಇಣುಕುತ್ತಿತ್ತು. “ಬೀಡಿ ಕಟ್ಟು ಇದ್ದಂಗ ಐತ್ರಿ, ಅಮ್ಮಾ.”

ಮುದುಕಿಯ ಬೆನ್ನು ನೆಟ್ಟಗಾಯಿತು. “ಮೊದಲ್ನೇ ಸಲ ನೆಲ್ಲು ನಾಟಿ ಮಾಡಿದ ವರ್ಷ ಬೀಡಿ ಬಿಟ್ಟೀನಿ ಅಂದಿದ್ದ! ನನ್ನ ತಲಿ ಮುಟ್ಟಿ ಆಣಿ ಮಾಡಿದ್ದ! ಈ ಫೋಟೋ ತಗಸಿದ್ದು ಅದರ ಮರುವರ್ಷ!”

ಅಲ್ಲಿಂದ ಮುಂದೆ ಅವಳು ಪರದೆಯ ಕಡೆ ತಿರುಗಿ ಬಂಗಾಳಿಯಲ್ಲಿ ಶುರುಮಾಡಿದಳು. ನನಗೆ ಆ ಭಾಷೆ ಬಾರದು. ಆದರೆ ಹೆಂಡತಿ ಗಂಡನನ್ನು ಬೈಯುವುದಕ್ಕೆ ಭಾಷೆ ಯಾಕೆ ಬೇಕು? ನನ್ನನ್ನೇ ಬೈದಂತೆ ನಾನೂ ತಲೆ ತಗ್ಗಿಸಿ ಕೂತೆ. ಬೈಗುಳ ಜೋರಾಗಿ ಹರಿದು, ಬರಬರುತ್ತ ಸಣ್ಣದಾಗಿ, ಕೊನೆಗೆ ಪಿಸುಮಾತಾಯಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಹುಬ್ಬಿನ ಮೇಲಿನ ಗುರುತನ್ನು ಗಾಜಿನ ಮೇಲೆಯೇ ಒಮ್ಮೆ ಸವರಿದಳು.

ನಾನು ಮೆಲ್ಲಗೆ ಕೇಳಿದೆ: “ಅಮ್ಮಾ, ಆ ಬೀಡಿ ಕಟ್ಟು ಅಳಿಸಿಬಿಡ್ಲೇನ್ರಿ? ಯಾರಿಗೂ ಗೊತ್ತಾಗಂಗಿಲ್ಲ.”

“ಬ್ಯಾಡ ಬ್ಯಾಡ!” ಎಂದು ನನ್ನ ಕೈಯನ್ನೇ ಹಿಡಿದುಕೊಂಡಳು. “ಇನ್ನೇನು ನಾನೂ ಮ್ಯಾಲ ಅವನ ಹತ್ರ ಹೋಗಾಕಿ. ಕೇಳಿದ್ರ ‘ನಾ ಸೇದೇ ಇಲ್ಲ’ ಅಂತಾನ, ನನಗ ಗೊತ್ತಿಲ್ಲೇನು ಅವ! ಗೋಡಿಗೆ ಒಂದು ದೊಡ್ಡದು ಮಾಡು, ಬಾಬಾ. ಕೈಯಾಗ ಹಿಡ್ಕೊಂಡು ಹೋಗಾಕ ಇನ್ನೊಂದು ಸಣ್ಣದು ಮಾಡು.”