ನಾಲ್ಕಡಿ ಸಮುದ್ರದ ಯಜಮಾನಿಕೆ

ಸಿಂಗಾನಲ್ಲೂರಿನ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಮಾತು ನಡೆಯುವ ಜಾಗ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ. ಅದೂ ನೀರಿನೊಳಗೆ. ಹಾಲಿನ ಗೋಡೆ ಪಕ್ಕದ ಆ ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಬಿಟ್ಟರೆ ಉಳಿದ ಸಾಮ್ರಾಜ್ಯವೆಲ್ಲ ನನ್ನ ಹೆಂಡತಿ ಜಯಪ್ರಿಯಾಳದು. (ಬಚ್ಚಲುಮನೆಯನ್ನು ನಾನು ಸೇರಿಸಿಲ್ಲ. ಅಲ್ಲಿಯೂ ಬಕೆಟ್ ಎಲ್ಲಿಡಬೇಕೆಂಬುದಕ್ಕೆ ಕಾನೂನಿದೆ.)

ನಾನು ಬಸವರಾಜ, ತಿಪಟೂರಿನವನು, ಇಲ್ಲಿನ ಪಂಪ್‌ಸೆಟ್ ಕಂಪನಿಯೊಂದರಲ್ಲಿ ನೌಕರ. ಜಯಪ್ರಿಯಾಳ ಮನೆಯವರು ಪೊಳ್ಳಾಚಿ ಕಡೆ ತಲೆತಲಾಂತರದಿಂದ ನೆಲೆಸಿರುವ ಕನ್ನಡದವರು. ಅವರ ಕನ್ನಡಕ್ಕೆ ತಮಿಳಿನ ಒಗ್ಗರಣೆ ಚೆನ್ನಾಗಿಯೇ ಬಿದ್ದಿದೆ. ಮರ್ಯಾದೆಗಂತೂ ಕೊರತೆಯಿಲ್ಲ, ಬೈಯುವ ಮುಂಚೆಯೂ ‘ಏನುಂಗ’ ಎಂದು ಗೌರವದಿಂದ ಕರೆದೇ ಬೈಯುತ್ತಾರೆ.

“ಏನುಂಗ, ಈಗಲೇ ಹೇಳ್ಬಿಡ್ತೀನಿ,” ಎಂದಿದ್ದಳು ಜಯಪ್ರಿಯಾ, ತೊಟ್ಟಿ ಬಂದ ದಿನವೇ. “ನಿಮ್ಮ ಮರೆವಿನಿಂದ ಒಂದು ಮೀನು ಸತ್ತರೂ ತೊಟ್ಟಿ ಪೊರುಪ್ಪು ನಂದು. ಆಮೇಲೆ ನೀವು ಪಕ್ಕದಲ್ಲಿ ನಿಂತು ಯಜಮಾನ ಅಂತ ಫೋಟೋ ತೆಗೆಸ್ಕೊಳ್ಳಂಗಿಲ್ಲ.”

ಪೊರುಪ್ಪು ಎಂದರೆ ಜವಾಬ್ದಾರಿ. ಅವಳ ಬಾಯಲ್ಲಿ ಅದಕ್ಕೆ ಅಧಿಕಾರ ಎಂದರ್ಥ. ನಾನು ಧೈರ್ಯವಾಗಿ ಒಪ್ಪಿಕೊಂಡೆ.

ಆರು ತಿಂಗಳು ರಾಜ್ಯಭಾರ ಸುಗಮವಾಗಿತ್ತು. ಆಮೇಲೆ ನನ್ನ ಹಳದಿ ಮೀನು ಮೈ ಕಡಿತ ತಾಳಲಾರದೆ ಕಲ್ಲಿಗೆ ಉಜ್ಜಿಕೊಳ್ಳತೊಡಗಿತು. ಮೀನಿನಂಗಡಿಯ ದೇವರಾಜನ್, “ಮೂರು ಕ್ಲೀನರ್ ಬಿಡಿ ಸಾರ್” ಎಂದು ತಮಿಳಿನಲ್ಲಿ ಸಲಹೆ ಕೊಟ್ಟ. ಕ್ಲೀನರ್ ರಾಸ್ ಎಂಬುದು ಬೆರಳುದ್ದದ ನೀಲಿ ಮೀನು, ಮೈಯುದ್ದಕ್ಕೂ ಕಪ್ಪು ಪಟ್ಟೆ. ಬೇರೆ ಮೀನುಗಳ ಮೈಮೇಲಿನ ಹುಳುಗಳನ್ನು ಹೆಕ್ಕಿ ತಿನ್ನುವುದೇ ಅದರ ಕುಲಕಸುಬು. ದೊಡ್ಡ ಗಂಡೊಂದು, ಹೆಣ್ಣೆರಡು ಕೊಂಡು, ಖುಷಿಯಲ್ಲಿ ಮನೆಗೆ ಫೋನ್ ಮಾಡಿದೆ. ಎತ್ತಿದವರು ನಮ್ಮಲ್ಲಿಗೆ ಬಂದಿದ್ದ ಅತ್ತೆ ಸೆಲ್ಲಮ್ಮ.

“ಅತ್ತೆ, ಮೂರು ಕ್ಲೀನರ್ ಕರ್ಕೊಂಡು ಬರ್ತಿದ್ದೀನಿ.”

“ಮೂರು ಜನಾನಾ? ಸರಿ ಮಾಪ್ಳೆ, ಬನ್ನಿ.”

ಮಾಪ್ಳೆ ಎಂದರೆ ಅಳಿಯ. ನಮ್ಮ ಮಾವ ಮೂವತ್ತು ವರ್ಷ ಪೊಳ್ಳಾಚಿಯಿಂದ ತೆಂಗಿನಕಾಯಿ ಲಾರಿ ಓಡಿಸಿದವರು. ಆ ಮನೆಯಲ್ಲಿ ಕ್ಲೀನರ್ ಎಂದರೆ ಲಾರಿ ಕ್ಲೀನರ್. ಅವನಿಗೆ ಬಡಿಸದೆ ಮನೆಯವರು ಉಣ್ಣುವ ಪದ್ಧತಿಯಿಲ್ಲ. ನಾನು ಪ್ಲಾಸ್ಟಿಕ್ ಚೀಲ ಹಿಡಿದು ಬಂದಾಗ ಹಾಲಿನಲ್ಲಿ ಮೂರು ಬಾಳೆಲೆ ಹಾಸಿತ್ತು, ಅನ್ನ ಹಬೆಯಾಡುತ್ತಿತ್ತು.

“ಎಲ್ಲಿ ಅವರು? ಕೈ ತೊಳೀತಿದಾರಾ?”

ನಾನು ಚೀಲ ಎತ್ತಿ ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. “ಇವರಾ? ಇವರು ಯಾವ ಲಾರಿ ತೊಳೀತಾರೆ ಮಾಪ್ಳೆ?”

ಜಯಪ್ರಿಯಾ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಮೂರೆಲೆಯ ಊಟವನ್ನು ನಾನೊಬ್ಬನೇ ಎರಡು ಹೊತ್ತು ಉಂಡೆ.

ಆದರೆ ಬಂದ ಅತಿಥಿಗಳು ಉಪವಾಸ ಕೂತರು. ನಾನು ಹಾಕಿದ ಕಾಳನ್ನು ಮೂಸಿಯೂ ನೋಡಲಿಲ್ಲ. ಮೂರನೆಯ ದಿನ ಅವುಗಳ ಹೊಟ್ಟೆ ಒಳಗೆ ಹೋಗಿತ್ತು, ನನಗೂ ಅನ್ನ ಸೇರಲಿಲ್ಲ. ಅತ್ತೆಗೆ ಮಾತ್ರ ಇದು ಮನೆತನದ ಮಾನದ ಪ್ರಶ್ನೆಯಾಯಿತು.

“ನಮ್ಮ ಮನೆಗೆ ಬಂದ ಕ್ಲೀನರ್ ಪಸಿಯಲ್ಲಿ ಇರಬಾರದು,” ಎಂದು ಸಿಗಡಿ ತರಿಸಿ, ಉಪ್ಪು ಖಾರ ಸೋಕಿಸದೆ ನುಣ್ಣಗೆ ಅರೆದು, ಒಂದು ಕಪ್ಪೆಚಿಪ್ಪಿಗೆ ಸವರಿ ನೀರಿಗಿಳಿಸಿದರು. ಮೊದಲು ದೊಡ್ಡದು ಬಂದು ಕುಟುಕಿತು. ಆಮೇಲೆ ಹೆಣ್ಣೆರಡೂ ಬಂದವು. ವಾರದಲ್ಲಿ ಹಳದಿ ಮೀನು ಅವುಗಳ ಮುಂದೆ ರೆಕ್ಕೆಯಗಲಿಸಿ ನಿಂತು ಮೈ ಒಪ್ಪಿಸತೊಡಗಿತು. ನನಗೆ ಕಣ್ಣು ತುಂಬಿ ಬಂತು. (ಉಪ್ಪುನೀರು ಸಿಡಿದಿತ್ತು ಎಂದು ಮನೆಯಲ್ಲಿ ಹೇಳಿದೆ.)

ಆ ಸಂಭ್ರಮವೇ ಮುಳುವಾಯಿತು. ಒಂದು ಭಾನುವಾರ ಆಫೀಸಿನವರಿಗೆ ಕಳಿಸಲು ವಿಡಿಯೋ ತೆಗೆಯೋಣವೆಂದು ಮುಚ್ಚಳ ಸರಿಸಿದವನು ಮುಚ್ಚಲು ಮರೆತೆ. ಸಂಜೆ ನೋಡಿದರೆ ಗಂಡು ಮೀನು ಹೊರಗೆ ಹಾರಿ ನೆಲದ ಮೇಲೆ ಬಿದ್ದು ಸತ್ತಿತ್ತು. ತಪ್ಪು ನನ್ನದೇ. ಒಪ್ಪಿಕೊಳ್ಳಬೇಕಿತ್ತು, ಆದರೆ ಸಿಂಹಾಸನದ ಆಸೆ ದೊಡ್ಡದು. ಯಾರಿಗೂ ಕಾಣದಂತೆ ಅದನ್ನು ಕರಿಬೇವಿನ ಕುಂಡದಲ್ಲಿ ಹೂತೆ.

“ದೊಡ್ಡದು ಕಾಣ್ತಾ ಇಲ್ಲವಲ್ಲ?” ಎಂದಳು ಜಯಪ್ರಿಯಾ.

“ಕಲ್ಲಿನ ಹಿಂದೆ ವಿಶ್ರಾಂತಿ ತಗೊಳ್ತಿದೆ.”

ವಿಶ್ರಾಂತಿ ಎರಡು ವಾರ ನಡೆಯಿತು. ಆಮೇಲೊಂದು ಬೆಳಿಗ್ಗೆ ಅವಳೇ ಕರೆದಳು. “ಏನುಂಗ, ದೊಡ್ಡದು ಹೊರಗೆ ಬಂದಿದೆ ನೋಡಿ.”

ಸತ್ತದ್ದು ಹೇಗೆ ಬಂತು? ಓಡಿಹೋಗಿ ನೋಡಿದರೆ ಹೆಣ್ಣುಗಳಲ್ಲಿ ದೊಡ್ಡದು ಥೇಟ್ ಹಳೇ ಗಂಡಿನ ಠೀವಿಯಲ್ಲೇ ಇನ್ನೊಂದರ ಸುತ್ತ ಗಸ್ತು ತಿರುಗುತ್ತಿದೆ. ಅತ್ತೆ, ಜಯಪ್ರಿಯಾ ಇಬ್ಬರೂ ಒಳಗೆ ಹೋದ ಮೇಲೆ ದೇವರಾಜನ್‌ಗೆ ಫೋನ್ ಮಾಡಿದೆ. ಕೈ ಒದ್ದೆಯಾಗಿದ್ದರಿಂದ ಸ್ಪೀಕರಿಗೆ ಹಾಕಿದ್ದೆ. (ಬುದ್ಧಿವಂತಿಕೆಗೂ ರಜೆ ಬೇಕಲ್ಲ.)

“ಗಂಡು ಸತ್ತುಹೋಯ್ತಾ ಸಾರ್?” ದೇವರಾಜನ್‌ನ ತಮಿಳು ಹಾಲಿನ ತುಂಬ ಮೊಳಗಿತು. “ಕವಲೆ ಬೇಡ, ಚಿಂತೆ ಬಿಡಿ. ಗಂಡು ಹೋದರೆ ದೊಡ್ಡ ಹೆಣ್ಣೇ ಗಂಡಾಗಿ ಯಜಮಾನಿಕೆ ವಹಿಸ್ಕೊಳ್ಳುತ್ತೆ. ಮುಚ್ಚಳ ತೆಗೆದಿಟ್ಟಿದ್ರಾ?”

ತಿರುಗಿದೆ. ಅಡುಗೆಮನೆಯ ಬಾಗಿಲಲ್ಲಿ ತಾಯಿ ಮಗಳು ನಿಂತಿದ್ದರು.

ಜಯಪ್ರಿಯಾ ಬೈಯಲಿಲ್ಲ. “ಪಾವಂ, ಆ ಮೀನು,” ಎಂದಳು, ಅಷ್ಟೇ. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಅತ್ತೆಯೇ ಸಮಾಧಾನ ಹೇಳಿದರು. “ಡ್ರೈವರ್ ಇಲ್ಲ ಅಂತ ಲಾರಿ ನಿಲ್ಲತ್ತಾ ಮಾಪ್ಳೆ? ಕ್ಲೀನರೇ ಸ್ಟೇರಿಂಗ್ ಹಿಡೀತಾನೆ. ನಿಮ್ಮ ಮಾವ ಹಂಗೇ ಡ್ರೈವರ್ ಆದದ್ದು.”

ಜಯಪ್ರಿಯಾ ಕೈ ಚಾಚಿದಳು. ನಾನು ಮೀನಿನ ಬಲೆ, ನೀರಿನ ಉಪ್ಪು ಅಳೆಯುವ ಮಾಪಕ ಎರಡನ್ನೂ ಒಪ್ಪಿಸಿದೆ.

ಸತ್ಯ ಹೇಳಬೇಕೆಂದರೆ ತೊಟ್ಟಿ ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ. ಮೇಲೆ ಬಿಗಿಯಾದ ಬಲೆ ಬಂದಿದೆ, ಕ್ಲೀನರ್‌ಗಳ ಹೊಟ್ಟೆ ದುಂಡಗಾಗಿದೆ, ಹಳದಿ ಮೀನಿನ ಮೈ ಮಿನುಗುತ್ತಿದೆ. ಭಾನುವಾರ ಒಳಗಿನ ಗಾಜು ಉಜ್ಜುವ ಭಾಗ್ಯವನ್ನು ನನಗೇ ಬಿಟ್ಟಿದ್ದಾಳೆ.

ಮೊನ್ನೆ ಹಾಗೆ ಉಜ್ಜುತ್ತಿದ್ದಾಗ ಹೊಸ ಯಜಮಾನ ನೇರ ನನ್ನ ಕೈ ಬಳಿ ಬಂದ. ಒಂದು ಬೆರಳನ್ನು ಮೆಲ್ಲಗೆ ಕುಟುಕಿದ, ಪಕ್ಕದ ಬೆರಳಿಗೆ ಹೋದ, ಉಗುರಿನ ಸಂದಿಯನ್ನು ಶ್ರದ್ಧೆಯಿಂದ ಪರೀಕ್ಷಿಸಿದ. ಕಚಗುಳಿಯಿಟ್ಟಂತಾಯಿತು. ನಾನು ಉಸಿರು ಹಿಡಿದು ನಿಂತೆ.

“ನೋಡಿದ್ಯಾ, ನನ್ನ ಕ್ಷಮಿಸಿಬಿಟ್ಟಿದೆ,” ಎಂದೆ.

“ಅದು ಕೊಳೆ ಎಲ್ಲಿದ್ರೂ ಬರುತ್ತೆ,” ಎಂದಳು ಜಯಪ್ರಿಯಾ, ನನ್ನ ಪಕ್ಕಕ್ಕೆ ಬಂದು ಗಾಜಿನೊಳಗೆ ಇಣುಕುತ್ತ. “ಸಾಕು, ಕೈ ತೆಗೀರಿ. ಹಳದಿ ಮೀನು ನಿಮ್ಮ ಹಿಂದೆ ಲೈನಲ್ಲಿ ನಿಂತಿದೆ.”

ನೋಡಿದೆ. ನಿಜವಾಗಿಯೂ ನಿಂತಿತ್ತು. ಕೈ ತೆಗೆದು ಅದಕ್ಕೆ ಜಾಗ ಬಿಟ್ಟೆ.